ಸೋಸುಬಟ್ಟೆ, ನಾರುಹುಣ್ಣು ಮತ್ತು ನಮ್ಮ ಹೆಮ್ಮೆ

ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿಯೂ ಸಮಾಜದ ಸ್ಮರಣ ಸಂಚಿಕೆಗಳಲ್ಲಿಯೂ ಒಂದು ವಾದವು ಪದೇ ಪದೇ ಕೇಳಿಬರುತ್ತದೆ. ಶ್ರಾವಕನು ನೀರನ್ನು ಸೋಸಿ ಕುಡಿಯಬೇಕೆಂದು ನಮ್ಮ ಆಚಾರ್ಯರು ವಿಧಿಸಿದ್ದನ್ನು ಆಧುನಿಕ ವೈದ್ಯಶಾಸ್ತ್ರವು ಈಗ ಒಪ್ಪಿಕೊಂಡಿದೆ. ನಾರುಹುಣ್ಣು ನಮ್ಮ ದೇಶದಿಂದ ತೊಲಗಿದ್ದೇ ಅದಕ್ಕೆ ಸಾಕ್ಷಿ ಎಂಬುದು ಆ ವಾದ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಶ್ರೋತೃಗಳಿಗೆ ಇದು ವಿಶೇಷವಾಗಿ ಹಿಡಿಸುತ್ತದೆ. ಈ ಮೂರು ತಾಲೂಕುಗಳು ಆಗ ಸೇರಿದ್ದ ಕಲಬುರಗಿ ಜಿಲ್ಲೆಯು ಆ ರೋಗದ ಬೀಡುಗಳಲ್ಲೊಂದಾಗಿತ್ತು. ಹಿತವಾದ ಮಾತೆಂಬ ಕಾರಣದಿಂದಲೇ ಈ ವಾದವನ್ನು ಸ್ವಲ್ಪ ನಿಷ್ಠುರವಾಗಿ ಪರೀಕ್ಷಿಸಬೇಕಾಗಿದೆ.

ರೋಗದ ಸ್ವರೂಪವನ್ನು ಕಿರಿಯರು ಕಂಡಿರಲಾರರು. ಮೆಟ್ಟಿಲುಬಾವಿಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಬರಿಗಣ್ಣಿಗೆ ಕಷ್ಟದಿಂದ ಕಾಣುವ ಜಲಜೀವಿ ಇರುತ್ತದೆ. ಅದರ ಒಡಲಲ್ಲಿದ್ದ ಮರಿಹುಳು ಕುಡಿಯುವ ನೀರಿನೊಡನೆ ಮನುಷ್ಯನ ದೇಹವನ್ನು ಸೇರಿ, ಸುಮಾರು ಒಂದು ವರ್ಷದಲ್ಲಿ ಒಂದು ಮೀಟರಿನವರೆಗೂ ಬೆಳೆದು, ಬಹುಮಟ್ಟಿಗೆ ಕಾಲಿನಲ್ಲಿ ಬೊಕ್ಕೆಯೆಬ್ಬಿಸಿ ಹೊರಬರುತ್ತದೆ. ಉರಿ ತಾಳಲಾರದೆ ರೋಗಿಯು ಬಾವಿಗಿಳಿದು ಕಾಲನ್ನು ನೀರಿನಲ್ಲಿಟ್ಟೊಡನೆ ಸಾವಿರಾರು ಮರಿಗಳು ನೀರಿಗೆ ಬೀಳುತ್ತವೆ. ಚಕ್ರವು ಮತ್ತೆ ತಿರುಗುತ್ತದೆ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯುವುದೇ ಚಿಕಿತ್ಸೆ. ಇದಕ್ಕೆ ಇಂದಿಗೂ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ.

ಹಾಗಾದರೆ ಬಟ್ಟೆಯಿಂದ ಸೋಸಿದ ನೀರು ಈ ರೋಗವನ್ನು ತಡೆಯುತ್ತದೆಯೇ? ನಿಸ್ಸಂದೇಹವಾಗಿ ತಡೆಯುತ್ತದೆ. ಆದರೆ ನಮ್ಮ ಲೇಖಕರು ಈ ಒಂದು ಸತ್ಯದಿಂದ ನೆಗೆದು ಮುಟ್ಟುವ ತೀರ್ಮಾನವು ಬೇರೆಯದೇ.

ಮೊದಲನೆಯದಾಗಿ, ವ್ರತದ ಉದ್ದೇಶ. ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಜಲಗಾಲನವನ್ನು ಮೂಲಗುಣಗಳ ಸಾಲಿನಲ್ಲಿ ಸೇರಿಸಿದ್ದಾನೆ. ಅದು ಕುಡಿಯುವವನ ಆರೋಗ್ಯಕ್ಕಾಗಿ ಹೇಳಿದ್ದಲ್ಲ, ನೀರಿನಲ್ಲಿರುವ ತ್ರಸಜೀವಿಗಳ ರಕ್ಷಣೆಗಾಗಿ. ಆದುದರಿಂದಲೇ ಬಟ್ಟೆಯಲ್ಲಿ ಉಳಿದುದನ್ನು ಚೆಲ್ಲದೆ, ತಂದ ಬಾವಿಯ ನೀರಿಗೇ ಮೆಲ್ಲನೆ ಮರಳಿ ಬಿಡಬೇಕೆಂಬ ಕಟ್ಟಳೆಯಿದೆ. ಆರೋಗ್ಯ ಕಾರ್ಯಕರ್ತನು ಸೈಕ್ಲಾಪ್ಸನ್ನು ಶತ್ರುವೆಂದು ಸೋಸುತ್ತಾನೆ; ಶ್ರಾವಕನು ಅದನ್ನು ಜೀವವೆಂದು ಸೋಸುತ್ತಾನೆ. ಬಟ್ಟೆ ಒಂದೇ, ಭಾವ ಒಂದಲ್ಲ. ನಾಳೆ ಎಲ್ಲರ ಮನೆಗೂ ಶುದ್ಧವಾದ ನಲ್ಲಿಯ ನೀರು ಬಂದಾಗ, ಆರೋಗ್ಯದ ಆಧಾರದ ಮೇಲೆ ವ್ರತವನ್ನು ಸಮರ್ಥಿಸಿದವರು ಏನು ಹೇಳುವರು?

ಎರಡನೆಯದು ಇನ್ನೂ ಗಂಭೀರವಾದುದು. ಈ ಜ್ಞಾನವನ್ನು ದುಡಿದು ಪಡೆದವರು ನಾವಲ್ಲ. ಮರಿಹುಳುವು ಸೈಕ್ಲಾಪ್ಸಿನೊಳಗೆ ಬೆಳೆಯುವುದನ್ನು 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಕಂಡವನು ರಷ್ಯದ ಅಲೆಕ್ಸಿ ಫೆಡ್ಚೆಂಕೊ. ಆತನು 1873ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮಾಂಟ್ ಬ್ಲಾಂಕ್ ಪರ್ವತದ ಹಿಮದಲ್ಲಿ ಮಡಿದನು. 1905ರಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿಗೆ ಹೋದ ರಾಬರ್ಟ್ ಲೀಪರನು ಸೋಂಕಿನ ಸೈಕ್ಲಾಪ್ಸನ್ನು ಬಾಳೆಹಣ್ಣಿನಲ್ಲಿಟ್ಟು ಕೋತಿಗೆ ತಿನ್ನಿಸಿ, ಆರು ತಿಂಗಳ ಬಳಿಕ ಅದರ ಶವವನ್ನು ಸೀಳಿ ಹುಳುಗಳನ್ನು ಕಂಡನು. ನಮ್ಮವರೇ ಆದ ವಿ.ಎನ್. ಮೂರ್ತಿಯವರ ಹೆಸರನ್ನಂತೂ ನಮ್ಮ ಯಾವ ಲೇಖನದಲ್ಲಿಯೂ ನಾನು ಕಂಡಿಲ್ಲ. ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ 1930ರ ದಶಕದುದ್ದಕ್ಕೂ ಅವರು ಈ ಒಂದೇ ರೋಗದ ಬೆನ್ನು ಹತ್ತಿದರು. ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು.ಸಿ. ಸ್ವೀಟ್ ಅವರೊಡನೆ, ಬಾವಿಗೆ ಸೈಕ್ಲಾಪ್ಸ್ ತಿನ್ನುವ ಮೀನುಗಳನ್ನು ಬಿಡುವ ಉಪಾಯವನ್ನು 1936ರಲ್ಲಿ ಪ್ರಕಟಿಸಿದರು; ನಾಯಿಗಳಿಗೆ ಸೋಂಕು ತಗುಲಿಸಿ ಹುಳುವಿನ ಬೆಳವಣಿಗೆಯನ್ನು ಅಭ್ಯಸಿಸಿದರು. ಪ್ರಯೋಗಶಾಲೆಯ ವೈಭವವಿಲ್ಲದ, ಹಳ್ಳಿಯ ಬಾವಿಕಟ್ಟೆಯ ವಿದ್ವತ್ತು ಅದು.

1983–84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಆರಂಭವಾದಾಗ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ಕೊಳವೆಬಾವಿ ತೋಡಿದರು, ಸೋಸುಬಟ್ಟೆ ಹಂಚಿದರು, ಟೆಮೆಫಾಸ್ ಎಂಬ ರಾಸಾಯನಿಕವನ್ನು ನೀರಿಗೆ ಹಾಕಿ ಸೈಕ್ಲಾಪ್ಸನ್ನು ಕೊಂದರು. ಕಡೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತಕ್ಕೆ ಮುಕ್ತಿಪತ್ರ ನೀಡಿತು.

ಕೋತಿ, ನಾಯಿ, ಸೈಕ್ಲಾಪ್ಸ್ ಇಲ್ಲದೆ ಈ ಮಾರ್ಗವಿಲ್ಲ. ಇದನ್ನು ಮುಚ್ಚಿಟ್ಟು ಫಲದ ಕೀರ್ತಿಯನ್ನು ಮಾತ್ರ ನಮ್ಮ ಶಾಸ್ತ್ರದ ಖಾತೆಗೆ ಬರೆದುಕೊಳ್ಳುವುದು ಸತ್ಯಾಣುವ್ರತಕ್ಕೆ ಒಪ್ಪುವ ನಡೆಯಲ್ಲ. ಸಂಶೋಧಕನ ಹಿಂಸೆಯು ಉದ್ಯೋಗೀ ಹಿಂಸೆ, ಆದುದರಿಂದ ಗೃಹಸ್ಥನಿಗೆ ಕ್ಷಮ್ಯ ಎಂದು ಕೆಲವರು ಸುಲಭವಾಗಿ ದಾಟಿಬಿಡುತ್ತಾರೆ. ಹೊಲ ಉಳುವಾಗ ಹುಳು ಸಾಯುವುದಕ್ಕೂ ನಾಯಿಗೆ ಉದ್ದೇಶಪೂರ್ವಕವಾಗಿ ರೋಗ ತಗುಲಿಸುವುದಕ್ಕೂ ಅಂತರವಿದೆ. ಎರಡನೆಯದರಲ್ಲಿ ಸಂಕಲ್ಪವು ಸ್ಪಷ್ಟ. ಹಾಗೆಂದು ಮೂರ್ತಿಯವರನ್ನು ಖಂಡಿಸಲು ನನ್ನ ಲೇಖನಿ ಏಳುವುದಿಲ್ಲ. ಹಾಸಿಗೆ ಹಿಡಿದ ರೈತನ ಬಿತ್ತನೆಯ ಕಾಲ ತಪ್ಪಿದರೆ ಆ ಮನೆಯ ವರ್ಷವೇ ತಪ್ಪುತ್ತದೆ. ಈ ಎರಡನ್ನೂ ಒಟ್ಟಿಗೆ ಕಾಣುವುದು ಕಷ್ಟ. ಆ ಕಷ್ಟವನ್ನು ತಪ್ಪಿಸಿಕೊಂಡ ಲೇಖನಗಳೇ ನಮ್ಮಲ್ಲಿ ಹೆಚ್ಚು.

ಇದಕ್ಕಿಂತ ದಿಟ್ಟವಾದ ಪರಂಪರೆ ನಮಗಿದೆ. ಯಾದಗಿರಿಗೆ ಸಮೀಪದ ಮಳಖೇಡವು ರಾಜಧಾನಿಯಾಗಿದ್ದ ಕಾಲದಲ್ಲಿ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವನ್ನು ರಚಿಸಿದರು. ಮಾಂಸವು ಔಷಧವಲ್ಲವೆಂಬುದನ್ನು ಅವರು ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಎದುರಿಗೆ ವೈದ್ಯರಾಗಿಯೇ ವಾದಿಸಿದರು. ಶತಮಾನಗಳ ಬಳಿಕ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದಾಗಲೂ ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ಚಿಕಿತ್ಸೆ ಹೇಳಿದನು. ಪರ್ಯಾಯವನ್ನು ಹುಡುಕುವ ಹೊಣೆಯನ್ನು ಇವರು ಇನ್ನೊಬ್ಬರಿಗೆ ಬಿಡಲಿಲ್ಲ.

ಇಂದು ನಮ್ಮ ಬಸದಿಗಳ ಟ್ರಸ್ಟುಗಳು ವೈದ್ಯಕೀಯ ವಿದ್ಯಾರ್ಥಿಗಳಿಗೆ ವೇತನ ಕೊಡುತ್ತವೆ. ಪದವಿ, ಆಸ್ಪತ್ರೆ, ಸಂಪಾದನೆ ಇವಿಷ್ಟೇ ನಾವು ಕೇಳುವ ವಿಷಯ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಪ್ರಾಣಿಪ್ರಯೋಗಕ್ಕೆ ಬದಲಿ ಹುಡುಕಬೇಕು, ಸಂಖ್ಯೆ ತಗ್ಗಿಸಬೇಕು, ನೋವು ಕಡಿಮೆ ಮಾಡಬೇಕು ಎಂಬ ಸೂತ್ರವನ್ನು ಕೊಟ್ಟರು. 2023ರಲ್ಲಿ ಭಾರತ ಸರ್ಕಾರವು ಹೊಸ ಔಷಧಗಳ ನಿಯಮವನ್ನು ತಿದ್ದಿ, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ಅವಕಾಶವಿತ್ತಿತು. ಇಂತಹ ವಿಧಾನಗಳಲ್ಲಿ ಸಂಶೋಧನೆ ಮಾಡುವ ಒಬ್ಬ ವಿದ್ಯಾರ್ಥಿಗಾದರೂ ಐದು ವರ್ಷ ಅನ್ನವಿಕ್ಕುವುದು ಒಂದು ಟ್ರಸ್ಟಿಗೆ ಅಸಾಧ್ಯವೇನೂ ಅಲ್ಲ.

ಜಗತ್ತಿನಲ್ಲಿ 2024ರಲ್ಲಿ ನಾರುಹುಣ್ಣು ತಗುಲಿದವರು 15 ಮಂದಿ ಮಾತ್ರ. ಆದರೆ ಆಫ್ರಿಕದ ಚಾಡ್ ದೇಶದಲ್ಲಿ 2012ರಿಂದ ನಾಯಿಗಳಲ್ಲಿ ಹುಳು ಕಾಣುತ್ತಿದೆ. ಅಲ್ಲಿಯ ಹಳ್ಳಿಗರು ಸೋಂಕಿದ ನಾಯಿಯನ್ನು ಕೊಲ್ಲುವುದಿಲ್ಲ. ಹುಳು ಪೂರ್ಣವಾಗಿ ಹೊರಬರುವವರೆಗೆ ಅದನ್ನು ಕಟ್ಟಿಹಾಕಿ, ನೀರಿನ ತಾಣಕ್ಕೆ ಹೋಗದಂತೆ ಸಾಕುತ್ತಾರೆ. ಜಲಗಾಲನದ ಬಗ್ಗೆ ಮುಂದೆ ಬರೆಯುವವರು ಮೂರ್ತಿಯವರ ನಾಯಿಗಳ ಜೊತೆಗೆ ಈ ನಾಯಿಗಳನ್ನೂ ನೆನೆಯಲಿ.