ಸ್ಯಾಕ್ಸೊಫೋನಿನ ಕನ್ನಡ

ಅರ್ಥವನ್ನು ಕಳೆದರೆ ಭಾಷೆಯಲ್ಲಿ ಉಳಿಯುವುದೇನು? ಜಾಝ್ ಸ್ಯಾಕ್ಸೊಫೋನ್ ವಾದಕ, ಸಂಯೋಜಕ ರುದ್ರೇಶ್ ಮಹಾಂತಪ್ಪ ಅವರ ‘ಮದರ್ ಟಂಗ್’ (2004) ಆಲ್ಬಮ್ಮಿನ ಉತ್ತರ: ಧಾಟಿ. ಅಮೆರಿಕದಲ್ಲಿ ಬೆಳೆದ ಈ ಕನ್ನಡ ಮೂಲದ ಕಲಾವಿದರಿಗೆ ‘ನೀವು ಇಂಡಿಯನ್ ಮಾತಾಡ್ತೀರಾ?’ ಎಂಬ ಪ್ರಶ್ನೆ ಹೊಸದಲ್ಲ. ಆ ಪ್ರಶ್ನೆಗೆ ಬೇರೆ ಬೇರೆ ಭಾಷಿಕರು ತಂತಮ್ಮ ನುಡಿಯಲ್ಲಿ ಕೊಟ್ಟ ಉತ್ತರಗಳ ಏರಿಳಿತವನ್ನು ಅವರು ಸ್ವರಕ್ಕಿಳಿಸಿದರು. ಒಂದು ರಚನೆಯ ಹೆಸರೇ ‘ಕನ್ನಡ’.

ನನ್ನ ತಕರಾರು ಆ ಹೆಸರಿನ ಬಗ್ಗೆ. ಉಪಭಾಷೆಗಳ ಅಧ್ಯಯನಕ್ಕಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತುವ ನನಗೆ ಒಂದೇ ದಾವಣಗೆರೆ ಜಿಲ್ಲೆಯಲ್ಲಿ ಹಲವು ಧಾಟಿಗಳು ಕೇಳಿಸುತ್ತವೆ. ಜಗಳೂರಿನ ಮಾತು ಚಿತ್ರದುರ್ಗದತ್ತ ವಾಲಿದರೆ, ಚನ್ನಗಿರಿ, ನ್ಯಾಮತಿಗಳದ್ದು ಶಿವಮೊಗ್ಗದತ್ತ. ಹೊನ್ನಾಳಿಯಲ್ಲಿ ಹಾವೇರಿ ಸೀಮೆಯ ಗತ್ತು. ಇವುಗಳಲ್ಲಿ ಯಾವುದು ‘ಕನ್ನಡ’? ಭಾರತಕ್ಕೆಲ್ಲ ಒಂದೇ ಭಾಷೆ ಎಂಬ ಅಜ್ಞಾನಕ್ಕೆ ಉತ್ತರಿಸಹೊರಟ ಆಲ್ಬಮ್, ಕನ್ನಡಕ್ಕೆಲ್ಲ ಒಂದೇ ಧಾಟಿ ಎಂಬಂತೆ ಹೆಸರಿಡುತ್ತದೆ.

ಸಂಗೀತ ಮಾತ್ರ ಹೆಸರಿಗಿಂತ ಉದಾರ. ವಿಜಯ್ ಅಯ್ಯರ್ ಅವರ ಪಿಯಾನೊ ಜೊತೆಗೂಡಿದಾಗ ಒಬ್ಬರ ಮಾತಿನ ಎಳೆ ಒಡೆದು, ಮನೋಧರ್ಮದಲ್ಲಿ ಹಲವಾಗುತ್ತದೆ. 2008ರ ‘ಕಿನ್ಸ್‌ಮೆನ್’ನಲ್ಲಿ ಮಹಾಂತಪ್ಪ ಇನ್ನೂ ಮುಂದೆ ಹೋದರು. ಅಲ್ಲಿ ಅವರ ಎದುರಿಗಿದ್ದದ್ದು ಧ್ವನಿಮುದ್ರಿತ ಉತ್ತರವಲ್ಲ. ಅದೇ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದ ಕದ್ರಿ ಗೋಪಾಲನಾಥ್. ಒಬ್ಬರ ಗಮಕಕ್ಕೆ ಇನ್ನೊಬ್ಬರ ಜಾಝ್ ಅಲ್ಲೇ ಮರುನುಡಿಯುತ್ತದೆ.

ಈಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ಕಲಿಸುವ ಮಹಾಂತಪ್ಪ ಅವರಿಂದ ಕನ್ನಡ ವಿದ್ಯಾರ್ಥಿಗಳು ಕಲಿಯಬೇಕಾದದ್ದೂ ಇದೆ. ಉಪಭಾಷೆ ಎಂದರೆ ನಾವು ಪದಪಟ್ಟಿ ಮಾಡುತ್ತೇವೆ, ಧಾಟಿಯನ್ನು ಬರೆದಿಟ್ಟುಕೊಳ್ಳುವುದಿಲ್ಲ.