ಮತಪ್ರಚಾರದ ವಿಡಂಬನೆ: ಅತಿರೇಕವೂ ನ್ಯೂನತೆಯೂ

ತನ್ನ ಮನೆಯ ಮೂಲೆಯಲ್ಲಿ ಕುಳಿತು ತನ್ನ ದೇವರನ್ನು ಭಜಿಸುವವನನ್ನು ಕಂಡು ನಗುವುದು ಬಹುಮಟ್ಟಿಗೆ ಅಸಭ್ಯತೆಯೇ ಸರಿ. ಆದರೆ ಪರರ ಬಾಗಿಲಿಗೆ ತಾನಾಗಿಯೇ ಬಂದು, ಅವರು ಇದುವರೆಗೆ ಬಾಳಿದ ಬಾಳು ಕತ್ತಲೆಯೆಂದೂ ತನ್ನ ಕೈಯಲ್ಲಿರುವುದೊಂದೇ ಬೆಳಕೆಂದೂ ಸಾರುವ ಪ್ರಚಾರಕನು, ಅನ್ಯರನ್ನು ತೂಗಲು ತಕ್ಕಡಿ ಹಿಡಿದು ಹೊರಟವನಾದುದರಿಂದ, ತಾನೂ ಒಮ್ಮೆ ಆ ತಕ್ಕಡಿಯಲ್ಲಿ ಕುಳಿತುಕೊಳ್ಳಲು ಸಿದ್ಧನಾಗಿರಬೇಕಾದುದು ನ್ಯಾಯ. ಈ ನ್ಯಾಯದ ಬಲದಿಂದಲೇ ಪಶ್ಚಿಮದ ಸಾಹಿತ್ಯದಲ್ಲಿ, ಅದರಲ್ಲಿಯೂ ಇಂಗ್ಲಿಷಿನಲ್ಲಿ, ಕ್ರೈಸ್ತ ಮತಪ್ರಚಾರಕರನ್ನು ಕುರಿತ ವಿಡಂಬನೆಯ ಪರಂಪರೆಯೊಂದು ಎರಡೂವರೆ ಶತಮಾನಗಳಿಗೂ ಮಿಕ್ಕು ನಡೆದುಬಂದಿದೆ. ಅದು ಮೇರೆ ಮೀರಬಲ್ಲುದೆ, ಮೀರುವುದಾದರೆ ಯಾವಾಗ, ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವೆಂದರೆ, ಭಕ್ತರ ಮನಸ್ಸಿಗೆ ನೋವಾದಾಗ ಎಂಬುದು. ಆದರೆ ನೋವು ನಿಷ್ಕಪಟಿಗೂ ಆಗುತ್ತದೆ, ಬಯಲಿಗೆ ಬಿದ್ದ ಕಪಟಿಗೂ ಆಗುತ್ತದೆ; ಅದನ್ನೇ ಅಳತೆಗೋಲಾಗಿ ಹಿಡಿದರೆ ಜಗತ್ತಿನಲ್ಲಿ ವಿಡಂಬನೆಗೆ ಸ್ಥಳವೇ ಉಳಿಯದು. ಈ ಪರಂಪರೆಯ ಮುಖ್ಯ ಕೃತಿಗಳನ್ನು ಪರಿಶೀಲಿಸುವವನಿಗೆ ಬೇರೊಂದು ನಿಯಮ ಗೋಚರಿಸುತ್ತದೆ: ವಿಡಂಬನೆ ಎಲ್ಲೆಲ್ಲಿ ಅತಿಗೆ ಹೋಯಿತೋ ಅಲ್ಲೆಲ್ಲ ಅದು ಮುಟ್ಟಲೇಬೇಕಾಗಿದ್ದ ಸ್ಥಳವನ್ನು ಮುಟ್ಟದೆ ಹೋಗಿದೆ.

ಉತ್ತಮವಾದ ಮಾದರಿಯೊಂದು ಇಂಗ್ಲಿಷಿನವರಿಗಿಂತ ಮೊದಲು ಫ್ರಾನ್ಸಿನಲ್ಲಿ ದೊರೆಯಿತು. 1664ರಲ್ಲಿ ವರ್ಸೇಲ್ಸಿನ ಅರಮನೆಯಲ್ಲಿ ಮೊದಲು ಆಡಲ್ಪಟ್ಟು, ಧರ್ಮನಿಷ್ಠರ ಒತ್ತಾಯಕ್ಕೆ ಸಿಲುಕಿ ನಿಷಿದ್ಧವಾಗಿ, 1669ರಲ್ಲಿ ಮಾತ್ರ ಸಾರ್ವಜನಿಕ ಪ್ರದರ್ಶನದ ಅನುಮತಿ ಪಡೆದ ಮೋಲಿಯೇರನ ‘ತಾರ್ತೂಫ್’ ನಾಟಕದಲ್ಲಿ ಭಕ್ತಿಯ ಸೋಗಿನವನೊಬ್ಬ ಗೃಹಸ್ಥನೊಬ್ಬನ ಆತ್ಮೋದ್ಧಾರದ ನೆವದಿಂದ ಅವನ ಮನೆ ಹೊಕ್ಕು, ಆಸ್ತಿಯನ್ನು ಬರೆಯಿಸಿಕೊಂಡು, ಹೆಂಡತಿಯ ಮೇಲೂ ಕಣ್ಣಿಡುತ್ತಾನೆ. ಅಲ್ಲಿ ನಗೆಯ ಪ್ರತಿಯೊಂದು ಪೆಟ್ಟೂ ಕೃತ್ಯದ ಮೇಲೆ ಬೀಳುತ್ತದೆ. ಮೋಸಹೋದ ಗೃಹಸ್ಥ ಓರ್ಗಾನನ ಮೌಢ್ಯಕ್ಕೂ ಅದು ತಟ್ಟುತ್ತದೆ. ಆದರೆ ನಿಜವಾದ ಭಕ್ತಿಯನ್ನೂ ವೇಷದ ಭಕ್ತಿಯನ್ನೂ ಬೇರೆಬೇರೆಯಾಗಿ ನೋಡಬಲ್ಲ ಕ್ಲೆಯಾಂತನೆಂಬ ವಿವೇಕಿಯನ್ನೂ ಕವಿ ರಂಗದ ಮೇಲೆ ನಿಲ್ಲಿಸಿದ್ದಾನೆ. ಐದು ವರ್ಷಗಳ ನಿಷೇಧ ಈ ನಾಟಕ ಅತಿಯಾಗಿತ್ತೆಂಬುದಕ್ಕೆ ಸಾಕ್ಷಿಯಾಗಲಾರದು. ಬಾಣ ಗುರಿ ಮುಟ್ಟಿತೆಂಬುದಕ್ಕೆ ಅದು ಸಾಕ್ಷಿ.

ಇದಕ್ಕೆ ತದ್ವಿರುದ್ಧವಾದುದು 1760ರಲ್ಲಿ ಲಂಡನ್ನಿನ ಹೇಮಾರ್ಕೆಟ್ ರಂಗಶಾಲೆಯಲ್ಲಿ ಸ್ಯಾಮ್ಯುಅಲ್ ಫೂಟನು ಆಡಿದ ‘ದಿ ಮೈನರ್’ ಎಂಬ ಪ್ರಹಸನ. ಅದರ ಲಕ್ಷ್ಯ ಜಾರ್ಜ್ ವೈಟ್‌ಫೀಲ್ಡ್. ಚರ್ಚಿನ ಬಾಗಿಲುಗಳು ಮುಚ್ಚಿದಾಗ ಬಯಲಿಗಿಳಿದು, 1739ರಲ್ಲಿ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನ ಕಲ್ಲಿದ್ದಲ ಗಣಿಗಳ ಕೂಲಿಗಳಿಗೆ ಉಪದೇಶ ಮಾಡಿದ ಮೆಥಡಿಸ್ಟ್ ಪ್ರಚಾರಕ. ಬಾಲ್ಯದಲ್ಲಿ ಬಂದ ದಡಾರದಿಂದ ಅವನಿಗೆ ಓರೆಗಣ್ಣು ಉಳಿದಿತ್ತು. ಫೂಟನು ಆ ಕಣ್ಣನ್ನೇ ಹಿಡಿದು ಅವನಿಗೆ ‘ಡಾಕ್ಟರ್ ಸ್ಕ್ವಿಂಟಮ್’ ಎಂದು ಹೆಸರಿಟ್ಟನು. ಆ ಉಪದೇಶದಿಂದ ಭಕ್ತಳಾಗಿಯೂ ತನ್ನ ವೃತ್ತಿಯನ್ನು ಬಿಡದ ವೇಶ್ಯಾಗೃಹದ ಒಡತಿಯೊಬ್ಬಳ ಪಾತ್ರವನ್ನು ತಾನೇ ಧರಿಸಿ ನಟಿಸಿದನು. ಈ ಎರಡನೆಯ ಕಲ್ಪನೆಯಲ್ಲಿ ಅರ್ಥವುಂಟು, ಏಕೆಂದರೆ ನಡತೆಯನ್ನು ತಿದ್ದದ ವಿಶ್ವಾಸವನ್ನು ಅದು ಪ್ರಶ್ನಿಸುತ್ತದೆ. ಮೊದಲನೆಯದರಲ್ಲಿ ಏನೂ ಇಲ್ಲ. ಆದರೆ ಫೂಟನ ನಿಜವಾದ ಸೋಲು ಇನ್ನೂ ಆಳವಾದುದು. ಜಾರ್ಜಿಯಾ ವಸಾಹತಿನಲ್ಲಿ ತಾನು ಸ್ಥಾಪಿಸಿದ ಅನಾಥಾಲಯದ ಪೋಷಣೆಗಾಗಿ ಇದೇ ವೈಟ್‌ಫೀಲ್ಡ್ ಗುಲಾಮರನ್ನು ದುಡಿಸಿದನು. ಅಲ್ಲಿ ನಿಷಿದ್ಧವಾಗಿದ್ದ ಗುಲಾಮಗಿರಿ ಶಾಸನಬದ್ಧವಾಗಬೇಕೆಂದು ವಾದಿಸಿದನು. 1751ರಲ್ಲಿ ಅದು ಹಾಗೆಯೇ ಆಯಿತು. ಆತ್ಮಗಳ ವಿಮೋಚನೆಯನ್ನು ಸಾರುವವನು ದೇಹಗಳನ್ನು ಕೊಂಡು ದುಡಿಸಿದನೆಂಬುದಕ್ಕಿಂತ ತೀಕ್ಷ್ಣವಾದ ವಸ್ತುವನ್ನು ಯಾವ ವಿಡಂಬನಕಾರನು ತಾನೆ ಬಯಸಬಲ್ಲನು? ಫೂಟನ ಪ್ರಹಸನದಲ್ಲಿ ಅದರ ಸುಳಿವೂ ಇಲ್ಲ. ಕಣ್ಣಿನ ದೋಷವನ್ನು ಕಂಡವನಿಗೆ ನೋಟದ ದೋಷ ಕಾಣಲಿಲ್ಲ.

ಅರ್ಧ ಶತಮಾನದ ತರುವಾಯ ಈ ಕಥೆ ನಮ್ಮ ದೇಶದ ನೆಪದಲ್ಲಿಯೇ ಪುನರಾವರ್ತಿತವಾಯಿತು. 1806ರ ವೆಲ್ಲೂರಿನ ಸಿಪಾಯಿ ದಂಗೆಯ ಬಳಿಕ ಭಾರತದಲ್ಲಿ ಮಿಷನರಿಗಳಿಗೆ ಅವಕಾಶ ಕೊಡಬೇಕೆ ಎಂಬ ವಿವಾದ ಇಂಗ್ಲೆಂಡಿನಲ್ಲಿ ಎದ್ದಾಗ, ‘ಎಡಿನ್‌ಬರೊ ರಿವ್ಯೂ’ ಪತ್ರಿಕೆಯ ಸ್ಥಾಪಕರಲ್ಲೊಬ್ಬನೂ ಸ್ವತಃ ಆಂಗ್ಲಿಕನ್ ಪಾದ್ರಿಯೂ ಆಗಿದ್ದ ಸಿಡ್ನಿ ಸ್ಮಿತ್ 1808ರಲ್ಲಿ ಸೆರಾಂಪುರದ ಬ್ಯಾಪ್ಟಿಸ್ಟರ ಮೇಲೆ ಹರಿತವಾದ ಲೇಖನವನ್ನು ಬರೆದನು. ಅವರ ಮುಂದಾಳು ವಿಲಿಯಂ ಕೇರಿ ಬಂಗಾಳಕ್ಕೆ ಬರುವ ಮುನ್ನ ಇಂಗ್ಲೆಂಡಿನಲ್ಲಿ ಪಾದರಕ್ಷೆ ಹೊಲಿಯುತ್ತಿದ್ದವನಾದುದರಿಂದ, ಆ ಮಂಡಲಿಯನ್ನೆಲ್ಲ ಚಮ್ಮಾರರ ಗೂಡೆಂದು ಮೂದಲಿಸುವುದು ಅವನಿಗೆ ಸುಲಭವಾಯಿತು. ವೃತ್ತಿಯನ್ನು ಹಿಡಿದು ಮನುಷ್ಯನನ್ನು ಹೀಯಾಳಿಸುವ ಈ ರೀತಿ ನಮಗೆ ಅಪರಿಚಿತವಾದುದಲ್ಲ. ಬಸವಾದಿ ಶರಣರ ನಾಡಿನವರು ಅದರ ಬೆಲೆಯನ್ನು ಬಲ್ಲರು. ಮರುವರ್ಷವೇ ಕವಿ ರಾಬರ್ಟ್ ಸೌದಿ ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಮಿಷನರಿಗಳ ಭಾಷಾಕಾರ್ಯವನ್ನು ಮುಂದಿಟ್ಟು ಪ್ರತ್ಯುತ್ತರ ಕೊಟ್ಟನು. ಆ ಚಮ್ಮಾರನೇ 1817ರಲ್ಲಿ ಕನ್ನಡ ಭಾಷೆಗೆ ಇಂಗ್ಲಿಷಿನಲ್ಲಿ ಒಂದು ವ್ಯಾಕರಣವನ್ನು ಬರೆದು ಸೆರಾಂಪುರದಲ್ಲಿ ಅಚ್ಚು ಹಾಕಿಸಿದನೆಂಬುದನ್ನು ಕನ್ನಡಿಗರು ಮರೆಯುವಂತಿಲ್ಲ.

ಹಾಗೆಂದು ಕೇರಿಯ ಮತಾಂತರದ ಉದ್ಯಮವೆಲ್ಲ ವಿಮರ್ಶಾತೀತವಾಗುವುದಿಲ್ಲ. ಮತಾಂತರಗೊಂಡ ಹಿಂದೂ ಜಾತಿಭ್ರಷ್ಟನಾಗಿ, ಬಂಧುಗಳಿಂದ ದೂರನಾಗಿ ನರಳುವನೆಂದು ಸ್ಮಿತ್ ಎತ್ತಿದ ಆಕ್ಷೇಪದಲ್ಲಿ ಗಂಭೀರವಾದ ಸತ್ಯಾಂಶವಿದ್ದಿತು. ಆದರೆ ಅವನ ಮುಖ್ಯ ಕಳವಳ ಈಸ್ಟ್ ಇಂಡಿಯಾ ಕಂಪನಿಯ ರಾಜ್ಯಕ್ಕೆ ಅಪಾಯ ಬಂದೀತೆಂಬುದು. ಪರರಿಗೆ ದೇವರನ್ನು ಕೊಡಲು ಬಂದವರನ್ನು ನಕ್ಕ ಅವನ ಲೇಖನಿ, ಪರರ ನೆಲವನ್ನು ತೆಗೆದುಕೊಳ್ಳಲು ಬಂದವರ ಮುಂದೆ ಸೌಮ್ಯವಾಯಿತು. ಇಲ್ಲಿಯೂ ಕೀಳಾದ ಸ್ಥಳದಲ್ಲಿ ಅತಿರೇಕ, ಮುಖ್ಯವಾದ ಸ್ಥಳದಲ್ಲಿ ನ್ಯೂನತೆ.

ಮೂರನೆಯ ಬಗೆಯ ತಪ್ಪೊಂದುಂಟು: ಪ್ರಚಾರಕನನ್ನು ನಗುವ ಭರದಲ್ಲಿ, ಅವನು ಯಾರನ್ನು ಉದ್ಧರಿಸಲು ಹೊರಟನೋ ಆ ಜನರನ್ನೇ ಗೊಂಬೆಗಳನ್ನಾಗಿ ಮಾಡುವುದು. 1852-53ರಲ್ಲಿ ಬಿಡಿಬಿಡಿಯಾಗಿ ಪ್ರಕಟವಾದ ಡಿಕನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯ ಮಿಸೆಸ್ ಜೆಲಿಬಿ ತನ್ನ ಮಕ್ಕಳನ್ನು ಕೊಳಕಿನಲ್ಲಿ ಬಿಟ್ಟು, ನೈಜರ್ ನದೀತೀರದ ಬೊರಿಯೊಬೂಲಾ-ಘಾ ಎಂಬ ಊರಿನ ಏಳಿಗೆಗಾಗಿ ಹಗಲಿರುಳು ಪತ್ರ ಬರೆಸುತ್ತಾಳೆ. ಮನೆಯನ್ನು ಮರೆತ ಪರೋಪಕಾರದ ಈ ಚಿತ್ರ ಅನುಪಮವಾದುದು. ಆದರೆ ಕಡೆಯಲ್ಲಿ ಆ ಊರಿನ ಅರಸನು ಬಂದು ನೆಲೆಸಿದವರನ್ನೆಲ್ಲ ಮದ್ಯಕ್ಕಾಗಿ ಮಾರಲೆಳಸಿದನೆಂದು ಡಿಕನ್ಸನು ಯೋಜನೆಯನ್ನು ಮುಗಿಸಿಬಿಡುತ್ತಾನೆ. ಆಫ್ರಿಕದವನಿಗೆ ಅವನ ಕೃತಿಯಲ್ಲಿ ವಿನೋದದ ಹೆಸರೊಂದಲ್ಲದೆ ಮನುಷ್ಯನ ಸ್ಥಾನ ದೊರೆಯುವುದಿಲ್ಲ. 2011ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆರಂಭವಾದ ‘ದಿ ಬುಕ್ ಆಫ್ ಮಾರ್ಮನ್’ ಎಂಬ ಸಂಗೀತನಾಟಕ ಯುಗಾಂಡಕ್ಕೆ ಹೋದ ಇಬ್ಬರು ಮಾರ್ಮನ್ ತರುಣರನ್ನು ಪರಿಹಾಸ ಮಾಡುತ್ತದೆ. ಅಪಹಾಸ್ಯಕ್ಕೆ ಗುರಿಯಾದ ಆ ಚರ್ಚು ಕೋಪಗೊಳ್ಳದೆ, ಕೆಲವು ನಗರಗಳಲ್ಲಿ ನಾಟಕದ ಕಾರ್ಯಕ್ರಮಪತ್ರಿಕೆಯಲ್ಲಿಯೇ ತನ್ನ ಜಾಹೀರಾತನ್ನು ಹಾಕಿಸಿತು. ಆಕ್ಷೇಪ ಬಂದುದು ಬೇರೆಡೆಯಿಂದ: ಆಫ್ರಿಕದ ಪಾತ್ರಗಳ ಚಿತ್ರಣದ ವಿಷಯವಾಗಿ ಕಪ್ಪುವರ್ಣದ ನಟರೇ ಮಾತೆತ್ತಿದ ಮೇಲೆ, 2021ರ ಪುನರಾರಂಭದ ಹೊತ್ತಿಗೆ ನಾಟಕದ ಕೆಲವು ಭಾಗಗಳನ್ನು ತಿದ್ದಬೇಕಾಯಿತು. ವಿಡಂಬಿತರಾದವರು ನಗುತ್ತ ಪಾರಾದರು, ನೆಪಮಾತ್ರವಾದವರು ಗಾಯಗೊಂಡರು.

ಈ ಪರಂಪರೆಯಲ್ಲಿ ಅತ್ಯಂತ ನಿಷ್ಠುರನಾದ ಮಾರ್ಕ್ ಟ್ವೇನನೇ ಅತ್ಯಂತ ನ್ಯಾಯವಂತನೂ ಆಗಿರುವುದು ಗಮನಾರ್ಹ. ಚೀನದ ಬಾಕ್ಸರ್ ದಂಗೆಯ ಅನಂತರ ಅಮೆರಿಕದ ಮಿಷನರಿ ವಿಲಿಯಂ ಏಮೆಂಟ್ ಹಳ್ಳಿಗರಿಂದ ನಷ್ಟಪರಿಹಾರದ ಜೊತೆಗೆ ದಂಡವನ್ನೂ ವಸೂಲು ಮಾಡಿದ ಸುದ್ದಿಯನ್ನು ಓದಿ, ಅವನು 1901ರ ಫೆಬ್ರವರಿಯಲ್ಲಿ ಬರೆದ ಲೇಖನ ಮಿಷನ್ನುಗಳನ್ನೂ ಸಾಮ್ರಾಜ್ಯಗಳನ್ನೂ ಒಂದೇ ಉಸಿರಿನಲ್ಲಿ ವಿಚಾರಣೆಗೆ ಎಳೆಯಿತು. ದಂಡವು ನಷ್ಟದ ಹದಿಮೂರು ಪಟ್ಟು ಎಂದು ವರದಿಯಾಗಿದ್ದುದು ತಂತಿಯ ತಪ್ಪೆಂದೂ ಅದು ಮೂರನೆಯ ಒಂದು ಭಾಗ ಮಾತ್ರವೆಂದೂ ಆಮೇಲೆ ತಿಳಿದುಬಂದಿತು. ಟ್ವೇನನು ಏಪ್ರಿಲಿನಲ್ಲಿ ಬರೆದ ಉತ್ತರದಲ್ಲಿ ಆ ಅಂಕಿಯನ್ನು ಚರ್ಚೆಗೆ ತಂದನು, ಆದರೆ ಆಪಾದನೆಯನ್ನು ಬಿಡಲಿಲ್ಲ: ನಿರಪರಾಧಿಗಳಿಂದ ಕಸಿದ ಹಣ ಅಲ್ಪವಾದರೂ ಕಸಿದುದೇ. ಅವನ ನಗೆ ಲೆಕ್ಕಪತ್ರಕ್ಕೆ ಬದ್ಧವಾಗಿತ್ತು. ಆದುದರಿಂದಲೇ ಅದು ಎಷ್ಟು ತೀವ್ರವಾದರೂ ಮೇರೆ ಮೀರಲಿಲ್ಲ.

ಸಿಂಕ್ಲೇರ್ ಲೂಯಿಸನ ‘ಎಲ್ಮರ್ ಗ್ಯಾಂಟ್ರಿ’ (1927) ಫೂಟನ ಅತಿರೇಕ, ಟ್ವೇನನ ನ್ಯಾಯ ಎಂಬ ಎರಡು ಧ್ರುವಗಳ ನಡುವೆ ನಿಲ್ಲುತ್ತದೆ. ಕಾನ್ಸಾಸ್ ಸಿಟಿಯ ಪಾದ್ರಿಗಳೊಡನೆ ವಾರವಾರವೂ ಚರ್ಚಿಸಿ ಸಾಮಗ್ರಿ ಕೂಡಿಸಿದ ಈ ಕಾದಂಬರಿಕಾರನು ಪ್ರಚಾರದ ವ್ಯಾಪಾರವನ್ನು, ಅದರ ಜಾಹೀರಾತು, ಕಾಣಿಕೆ, ವೇದಿಕೆಯ ತಂತ್ರಗಳ ಸಮೇತ, ಒಳಗಿನಿಂದಲೇ ಬಲ್ಲನು. ಬಾಸ್ಟನ್ನಿನಲ್ಲಿ ಪುಸ್ತಕ ನಿಷಿದ್ಧವಾಯಿತು. ಆದರೂ ಅದರಲ್ಲಿ ಕೊರತೆಯುಂಟು: ಸಹಸ್ರಾರು ರೈತರೂ ಕೂಲಿಗಳೂ ಅಂಗಡಿಯವರೂ ಅಂಥ ಟೊಳ್ಳು ಮನುಷ್ಯನ ಮುಂದೆ ಏಕೆ ಕಣ್ಣೀರಿಟ್ಟರೆಂಬುದನ್ನು ಲೂಯಿಸನು ವಿಚಾರಿಸುವುದಿಲ್ಲ, ಜನಸಮೂಹ ಅವನಿಗೆ ಬರಿಯ ಮಂದೆ. ಕೃತಿಯನ್ನು ಉಳಿಸುವವನು ಆಂಡ್ರ್ಯೂ ಪೆಂಗಿಲಿ ಎಂಬ ವೃದ್ಧ ಪಾದ್ರಿ. ಕೆಲವೇ ಪುಟಗಳಲ್ಲಿ ಬಂದುಹೋಗುವ ಈ ಸರಳ ಭಕ್ತನು ಗ್ಯಾಂಟ್ರಿಗೆ ದೇವರಲ್ಲಿ ನಂಬಿಕೆಯೇ ಇಲ್ಲವೆಂಬುದನ್ನು ಕಂಡುಹಿಡಿಯುತ್ತಾನೆ. ಕಪಟವನ್ನು ಅಳೆಯಲು ನಿಷ್ಠೆಯ ಅಳತೆಯೊಂದು ಕೃತಿಯೊಳಗೇ ಇರಬೇಕೆಂಬ ಮೋಲಿಯೇರನ ವಿವೇಕ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ನಮ್ಮ ಆಲಂಕಾರಿಕರು ರಸದ ವಿಷಯದಲ್ಲಿ ಎತ್ತಿದ ಔಚಿತ್ಯದ ವಿಚಾರ ಹಾಸ್ಯಕ್ಕೂ ಸಲ್ಲುತ್ತದೆ. ಔಚಿತ್ಯವೆಂದರೆ ಮೃದುತ್ವವಲ್ಲ, ಪೆಟ್ಟಿಗೂ ಪಾತ್ರಕ್ಕೂ ಇರುವ ಹೊಂದಿಕೆ. ಹುಟ್ಟು, ಮೈ, ವೃತ್ತಿ, ಬಡತನ ಇವು ಯಾರೂ ಪ್ರಚಾರಕ್ಕಾಗಿ ಆರಿಸಿಕೊಂಡವಲ್ಲ. ಅವುಗಳನ್ನು ನಗುವುದಕ್ಕೆ ಏನನ್ನೂ ತಿಳಿದಿರಬೇಕಾಗಿಲ್ಲ. ಹಣ, ಅಧಿಕಾರ, ಭಯ, ಆಮಿಷ ಇವು ಆರಿಸಿಕೊಂಡವು. ಅವುಗಳನ್ನು ನಗಲು ಶ್ರಮಪಟ್ಟು ತಿಳಿದಿರಬೇಕು. ಆದುದರಿಂದ ಮತಪ್ರಚಾರದ ವಿಡಂಬನೆ ಮೇರೆ ಮೀರಬಲ್ಲುದೆಂಬುದು ನಿಜ. ಆದರೆ ಅದಕ್ಕೆ ಮದ್ದು ನಿಷೇಧವೂ ಅಲ್ಲ, ಮೆಲುದನಿಯೂ ಅಲ್ಲ. ಅತಿಗೆ ಹೋದ ವಿಡಂಬನೆ ಎದುರಾದಾಗ ಅದು ಯಾವುದನ್ನು ಮುಟ್ಟದೆ ಬಿಟ್ಟಿತೆಂದು ಓದುಗನು ಮೊದಲು ಕೇಳಲಿ. ಅದರ ನಿಜವಾದ ಅಪರಾಧ ಬಹುತೇಕ ಅಲ್ಲಿಯೇ ದೊರೆಯುತ್ತದೆ.