ಮುಟ್ಟಿಸಿಕೊಂಡ ತಿಥಿ

ಜಾತ್ರೆಯಲ್ಲಿ ಬಳೆ ಅಂಗಡಿ ಪಕ್ಕ ಗೋಣಿ ಹಾಸಿಕೊಂಡು ಮಾರುವ ಏಕಾದಶಿ ಮಹಾತ್ಮೆಯ ಪುಸ್ತಕಗಳನ್ನು ನಮ್ಮ ವಿಮರ್ಶಕರು ಓದುವುದಿಲ್ಲ. ಅವು ಸಾಹಿತ್ಯವಲ್ಲವಂತೆ. ಒಂದು ಕವನ ಸಂಕಲನವೂ ಇಲ್ಲದ ಮನೆಗಳಲ್ಲಿ ಪಂಚಾಂಗವಿದೆ, ವ್ರತಕತೆಯಿದೆ. ಜನ ಯಾವುದನ್ನು ನಂಬಿ ಹೊಟ್ಟೆ ಕಟ್ಟುತ್ತಾರೋ ಅದನ್ನು ಪಕ್ಕಕ್ಕಿಡುವ ಅನುಕೂಲ ನಮಗಿಲ್ಲ. ಹಾಗಾಗಿ ಕೂತು ಓದಿದೆವು.

ಮೊದಲೇ ಒಂದು ಮಾತು ಒಪ್ಪಿಕೊಳ್ಳುತ್ತೇವೆ. ಪಂಚಾಂಗದ ಲೆಕ್ಕ ದಡ್ಡರ ಲೆಕ್ಕವಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಹೀಗೆ ತಿಂಗಳಿಗೆ 30. ಚಂದ್ರನ ನಡಿಗೆ ಒಂದೇ ಸಮ ಇಲ್ಲವಾದ್ದರಿಂದ ತಿಥಿಯೊಂದು ಹೆಚ್ಚುಕಡಿಮೆ 19 ಗಂಟೆಗೇ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು. ನಡುಮಧ್ಯಾಹ್ನ ಹುಟ್ಟೀತು, ಸರಿರಾತ್ರಿ ಸತ್ತೀತು. ಚಂದ್ರನ ವರ್ಷ 354 ದಿನ. ಸೂರ್ಯನ ವರ್ಷಕ್ಕೆ ಸರಿದೂಗಿಸಲು ಸುಮಾರು 32-33 ತಿಂಗಳಿಗೊಮ್ಮೆ ಅಧಿಕಮಾಸ. ಏಕಾದಶಿ ವರ್ಷಕ್ಕೆ 24, ಅಧಿಕಮಾಸ ಬಂದರೆ 26. ಬರಿಗಣ್ಣಿನಲ್ಲಿ ಆಕಾಶ ನೋಡಿ ಇಷ್ಟನ್ನು ಕಟ್ಟಿದವರ ಬುದ್ಧಿಯ ಮೇಲೆ ನಮಗೆ ತಕರಾರಿಲ್ಲ. ಆಕಾಶದ ಲೆಕ್ಕ ಮುಗಿದು ಪುರೋಹಿತನ ಲೆಕ್ಕ ಶುರುವಾಗುವ ಕಡೆ ತಕರಾರು.

ಯಾವ ದಿನ ಉಪವಾಸ ಇರಬೇಕು? ವೈಷ್ಣವರ ನಿಯಮ ನೋಡಿ. ಸೂರ್ಯೋದಯಕ್ಕೆ 4 ಘಳಿಗೆ, ಅಂದರೆ 96 ನಿಮಿಷ ಮುಂಚಿನದು ಅರುಣೋದಯ. ಆ ಹೊತ್ತಿಗೆ ಹಿಂದಿನ ತಿಥಿಯಾದ ದಶಮಿ ಒಂದು ಚೂರು ಉಳಿದಿದ್ದರೂ ಅವತ್ತಿನ ಏಕಾದಶಿ ಕೆಟ್ಟಿತು. ಅದರ ಹೆಸರು ‘ದಶಮೀವಿದ್ಧ’. ಅದನ್ನು ಬಿಟ್ಟು ಮಾರನೆಯ ದಿನ ಉಪವಾಸ. ಸ್ಮಾರ್ತರು ಸೂರ್ಯೋದಯವನ್ನು ಹಿಡಿಯುತ್ತಾರೆ. ಪಂಚಾಂಗದಲ್ಲಿ ಕೆಲವು ಸಲ ಎರಡೆರಡು ಏಕಾದಶಿ ಕಾಣುವುದು ಇದಕ್ಕೇ. ವಿದ್ಧ ಎಂದರೆ ಚುಚ್ಚಿಸಿಕೊಂಡದ್ದು ಅನ್ನುತ್ತದೆ ನಿಘಂಟು. ಕೇರಿಯಲ್ಲಿ ಹುಟ್ಟಿದ ನಮಗೆ ನಿಘಂಟು ಬೇಕಾಗಿಲ್ಲ. ವಿದ್ಧ ಎಂದರೆ ಮುಟ್ಟಿಸಿಕೊಂಡದ್ದು. ಕಾಲಕ್ಕೆ ಮೈಯಿಲ್ಲ, ಬೆವರಿಲ್ಲ, ಅಪ್ಪ ಅವ್ವ ಇಲ್ಲ. ಅಂಥ ಕಾಲದಲ್ಲೂ ಒಂದು ತುಣುಕು ಇನ್ನೊಂದಕ್ಕೆ ತಾಗಿದರೆ ಮೈಲಿಗೆ ಎಂದು ಕಂಡ ಕಣ್ಣು ಮನುಷ್ಯರನ್ನು ಬಿಟ್ಟೀತೆ? ಈ ನಿಯಮ ಬರೆದವರು ನಮ್ಮನ್ನು ನೆನೆದೇ ಬರೆದರೆಂದು ನಾವು ಹೇಳುತ್ತಿಲ್ಲ. ನೋಡುವ ಚಾಳಿ ಒಂದೇ ಎನ್ನುತ್ತಿದ್ದೇವೆ.

ಇನ್ನು ಕತೆ. ಏಕಾದಶಿಯ ದಿನ ಅಡಗಲು ಜಾಗ ಸಿಕ್ಕದೆ ಪಾಪಪುರುಷ ಧಾನ್ಯದೊಳಗೆ ಸೇರಿಕೊಂಡನಂತೆ. ಅದಕ್ಕೇ ಅಂದು ಅನ್ನ ಉಂಡವನು ಪಾಪ ಉಂಡಂತೆ. ಅಡಗಲು ಬಡ್ಡಿ ಲೆಕ್ಕದ ಪುಸ್ತಕವಿತ್ತು, ತಿಜೋರಿಯಿತ್ತು. ಪಾಪಕ್ಕೆ ಸಿಕ್ಕಿದ್ದು ನಾವು ಬಿತ್ತಿ, ಕಳೆ ಕಿತ್ತು, ಕಣ ಮಾಡಿದ ಕಾಳು! ಪೂರ್ತಿ ಹಸಿದಿರಲಾಗದವರಿಗೆ ಫಲಾಹಾರದ ರಿಯಾಯಿತಿ ಉಂಟು. ಮಹಾರಾಷ್ಟ್ರದಲ್ಲಿ, ನಮ್ಮ ಉತ್ತರ ಕರ್ನಾಟಕದ ಕಡೆಯೂ, ಸಾಬೂದಾಣಿ, ಶೇಂಗಾ, ಆಲೂಗಡ್ಡೆ ನಡೆಯುತ್ತವೆ. ಸಾಬೂದಾಣಿ ಮಾಡುವ ಮರಗೆಣಸು, ಶೇಂಗಾ, ಆಲೂಗಡ್ಡೆ ಮೂರೂ ದಕ್ಷಿಣ ಅಮೆರಿಕದವು. ಪೋರ್ಚುಗೀಸರು ಈ ದೇಶಕ್ಕೆ ಬಂದ ಮೇಲೆ ಬಂದವು. ಪುರಾಣ ಕಂಡಿರದ ಗೆಡ್ಡೆಗೆ ಮಡಿ ಸಿಕ್ಕಿತು, ಈ ಮಣ್ಣಿನ ರಾಗಿಗೆ ಸಿಗಲಿಲ್ಲ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತ ರಾಗಿಗಳು ಜಗಳಕ್ಕೆ ಬಿದ್ದಾಗ ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟ, ಭತ್ತ ಸೊರಗಿತು, ರಾಗಿ ಗಟ್ಟಿಯಾಗಿ ಉಳಿಯಿತು. ಕಾವ್ಯದಲ್ಲಿ ಗೆದ್ದ ರಾಗಿ ಪಂಚಾಂಗದಲ್ಲಿ ಸೋತಿತು.

ಚಾತುರ್ಮಾಸ್ಯದ ವಿಚಾರ ಇನ್ನೂ ಸೊಗಸು. ಆಷಾಢ ಶುದ್ಧ ಏಕಾದಶಿಗೆ ವಿಷ್ಣು ಮಲಗುತ್ತಾನೆ, ಕಾರ್ತಿಕದಲ್ಲಿ ಏಳುತ್ತಾನೆ. ಆ ನಾಲ್ಕು ತಿಂಗಳು ಮಾಧ್ವರಲ್ಲಿ ನಾಲ್ಕು ವ್ರತ: ಮೊದಲ ತಿಂಗಳು ತರಕಾರಿ ಸೊಪ್ಪು ಬಿಡಬೇಕು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ನಮ್ಮ ರಾಗಿ ಸೀಮೆಯಲ್ಲಿ ಆಷಾಢ ಅಂದರೆ ಹಳೇ ರಾಗಿ ತಳ ಕಂಡಿರುತ್ತದೆ, ಹೊಸದು ಇನ್ನೂ ಹೊಲದಲ್ಲಿ ಮೊಳಕೆ. ಆಗ ನಮ್ಮನ್ನು ಬದುಕಿಸಿದ್ದು ಬದುವಿನ ಮೇಲಿನ ಬೆರಕೆ ಸೊಪ್ಪು. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕೈಗೆ ಸಿಕ್ಕಿದ್ದು. ಅವರು ಸೊಪ್ಪು ಬಿಟ್ಟು ಪುಣ್ಯ ಮಾಡುವ ತಿಂಗಳಲ್ಲೇ ನಾವು ಸೊಪ್ಪು ಬಿಟ್ಟು ಬೇರೇನೂ ತಿನ್ನಲಿಲ್ಲ. ಹಾಲು ಮೊಸರಿನ ವ್ರತವನ್ನಂತೂ ನಮ್ಮ ತಾತ ಮುತ್ತಾತಂದಿರು ಹುಟ್ಟಿದಾಗಿಂದ ತಪ್ಪದೆ ನಡೆಸಿದರು. ಜ್ಯೇಷ್ಠದ ನಿರ್ಜಲ ಏಕಾದಶಿಗೆ ನೀರೂ ಕುಡಿಯಬಾರದು. ಹಸಿವು ತಡೆಯಲಾಗದ ಭೀಮನಿಗೆ ಆ ಒಂದೇ ದಿನದಿಂದ ವರ್ಷದ ಎಲ್ಲ ಏಕಾದಶಿಗಳ ಫಲ ಸಿಕ್ಕಿತಂತೆ. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡಿನ ಚವದಾರ ಕೆರೆಗೆ ಇಳಿದು ನೀರು ಕುಡಿಯುವವರೆಗೆ ಅಲ್ಲಿನ ನಮ್ಮವರು ಆ ಕೆರೆಯ ಮಟ್ಟಿಗೆ ನಿರ್ಜಲರಾಗಿಯೇ ಇದ್ದರು. ಆ ಪುಣ್ಯ ಯಾವ ಖಾತೆಗೆ ಜಮೆಯಾಯಿತು?

ನಮ್ಮವ್ವ ಕೂಲಿಗೆ ಹೋಗುತ್ತಿದ್ದ ಒಂದು ಮನೆಯಲ್ಲಿ ಕೂಲಿಯ ಜೊತೆ ಮಧ್ಯಾಹ್ನದ ಊಟ ಮಾತಾಗಿತ್ತು. ಏಕಾದಶಿಯ ದಿನ ಆ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಯಜಮಾನರಿಗಿಲ್ಲ ಅಂದಮೇಲೆ ಆಳಿಗೆಲ್ಲಿ? ಅಂದು ಕಳೆ ಕೀಳುವುದೇನೂ ನಿಲ್ಲಲಿಲ್ಲ. ಮಾರನೆಯ ಬೆಳಿಗ್ಗೆ ದ್ವಾದಶಿ ಪಾರಣೆಯ ಒಗ್ಗರಣೆ ವಾಸನೆ ಹೊಲದವರೆಗೂ ಬರುತ್ತಿತ್ತಂತೆ. ನಾವು ಈ ಪುಸ್ತಕ ಓದಿ ಹೇಳಿದಾಗ ಅವ್ವ ನಕ್ಕಳು: “ಅವ್ರ ಉಪಾಸದಾಗೆ ನಂದೂ ಅರ್ಧ ಐತೆ ಕಣ್ ಮಗ. ಪಾಲು ಕೊಡೋಕೇಳು.”

ನಮ್ಮವರಲ್ಲೂ ಹೊತ್ತು ಬಿಡುವುದಿದೆ. ಮಾದಪ್ಪನಿಗೆಂದು ಸೋಮವಾರ ಒಪ್ಪತ್ತು, ಶಿವರಾತ್ರಿಯ ಜಾಗರಣೆ. ಅದನ್ನು ಮುಚ್ಚಿಟ್ಟು ಬರೆಯುವುದು ಮೋಸವಾಗುತ್ತದೆ. ಈಚೆಗೆ ಬಂದಿರುವುದು ಬೇರೆ. ಗಾರ್ಮೆಂಟ್ಸಿಗೆ ಹೋಗುವ ನಮ್ಮಕ್ಕ ಸಂಕಷ್ಟಿ ಹಿಡಿದಿದ್ದಾಳೆ. ಕೃಷ್ಣಪಕ್ಷದ ಚೌತಿ, ಬೆಳಗಿನಿಂದ ಚಂದ್ರ ಹುಟ್ಟುವವರೆಗೆ ಏನೂ ಇಲ್ಲ. ದಿನವಿಡೀ ಮಿಷನ್ನಿನ ಮುಂದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಅದರಲ್ಲಿ ನಮ್ಮಕ್ಕನೂ ಸೇರುವಂಥವಳೇ, ಮುಖ ನೋಡಿದರೆ ಗೊತ್ತಾಗುತ್ತದೆ. ಮೇಲೆ ಬರೆದದ್ದನ್ನೆಲ್ಲ ಅವಳ ಮುಂದೆ ಹೇಳಿದೆವು, ವಿದ್ಧ, ಪಾಪಪುರುಷ, ಮಹಾಡು ಎಲ್ಲ. ಪೂರ್ತಿ ಕೇಳಿದಳು.

“ಉಪಾಸ ಇದ್ದ ದಿವ್ಸ ಲೈನಿನೋರೆಲ್ಲ ಒಟ್ಟಿಗೆ ಕೂರ್ತೀವಿ. ಅವತ್ತು ಯಾರೂ ನನ್ ಡಬ್ಬಿ ಕಡೆ ನೋಡಲ್ಲ ಕಣೋ. ಯಾವ ಜನ ಅಂತ ಕೇಳಲ್ಲ.”

ಇದಕ್ಕೆ ಉತ್ತರ ನಾವು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊರಗೆ ಮೋಡ. ಫೋನಿನಲ್ಲಿ ಚಂದ್ರೋದಯ 9 ಗಂಟೆ 10 ನಿಮಿಷ ಎಂದಿತ್ತು. ಅಷ್ಟು ಹೊತ್ತಿಗೆ ಅವ್ವ ಮುದ್ದೆ ತೊಳೆಸಿ ತಟ್ಟೆಗಿಟ್ಟಿದ್ದಳು.